ಆಯ್ಲಾರಳ ಹಲ್ಲು ಜುಮ್ಮೆಂದಾಗ ನಾನು ಮಾಡಿದ ತಪ್ಪು

ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವವರು ನಿಮ್ಮ ಮನೆಯಲ್ಲೂ ಇರಬಹುದು. ನಮ್ಮೂರಲ್ಲಂತೂ ಚಳಿಗಾಲ ಬಂತೆಂದರೆ ಸಹಂದ್ ಬೆಟ್ಟದ ಹಿಮವೇ ಇಳಿದು ಬಂದಂತೆ ನಲ್ಲಿ ನೀರು ಕೊರೆಯುತ್ತದೆ. ಬಾಯಿ ಮುಕ್ಕಳಿಸಿದವರೆಲ್ಲ ಕೆನ್ನೆ ಹಿಡಿದುಕೊಳ್ಳುತ್ತಾರೆ. ಅದಕ್ಕೆ ನಮ್ಮ ಹೆಂಗಸರ ಹತ್ತಿರ ಇರುವುದು ಒಂದೇ ಮದ್ದು, ಬಿಸಿ ಚಹಾ. ಚಹಾಕ್ಕೆ ನಾವು ಸಕ್ಕರೆ ಬೆರೆಸುವುದಿಲ್ಲ. ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅದರ ಮೇಲೆ ಚಹಾ ಹೀರುತ್ತೇವೆ. ನಾನು ಇಸ್ಮತ್. ಹಾಗೆ ಹೀರುತ್ತಲೇ ಮೂರು ಮಕ್ಕಳನ್ನು ಬೆಳೆಸಿದೆ, ನಡುವಿನವಳ ಬಾಯಿಯನ್ನು ಕೈಯಾರೆ ಹಾಳು ಮಾಡಿದೆ.

ಅವಳ ಹೆಸರು ಆಯ್ಲಾರ್. ಆಗ ಹದಿನೈದು ವರ್ಷ. ಮೇಲಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ತರಗತಿಯಲ್ಲಿ ಎದ್ದು ನಿಂತು ಪದ್ಯ ಓದು ಎಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ಎರಡು ವರ್ಷ ಗೋಗರೆದ ಮೇಲೆ ನನ್ನ ಗಂಡ ಎಯ್ವಜ್ ಅವಳನ್ನು ದೂರದ ಪಟ್ಟಣ ತಬ್ರೀಜ್‌ಗೆ ಕರೆದುಕೊಂಡು ಹೋಗಿ, ಹಲ್ಲಿನ ಡಾಕ್ಟರ ಹತ್ತಿರ ಕ್ಲಿಪ್ಪು ಹಾಕಿಸಿದರು. ಅವತ್ತು ಹುಡುಗಿ ಕನ್ನಡಿ ಮುಂದಿನಿಂದ ಏಳಲೇ ಇಲ್ಲ.

ತಿಂಗಳಿಗೊಮ್ಮೆ ಹೋಗಿ ಕ್ಲಿಪ್ಪಿನ ತಂತಿ ಬಿಗಿ ಮಾಡಿಸಬೇಕಿತ್ತು. ಮೊದಲ ಸಲ ಬಿಗಿ ಮಾಡಿಸಿಕೊಂಡು ಬಂದ ಮರುದಿನ ಹಲ್ಲುಜ್ಜಲು ಹೋದವಳು ಕಿರುಚಿಕೊಂಡಳು.

"ಅಮ್ಮಾ, ನೀರು ತಾಗಿದ್ರೆ ಸಾಕು, ಜುಮ್ ಅಂತ ನೆತ್ತಿಗೇ ಹೋಗುತ್ತೆ!"

"ಹಂಗಾದ್ರೆ ಉಜ್ಜಬೇಡ ಬಿಡೇ. ನೋಯೋ ಜಾಗದಲ್ಲಿ ಯಾರಾದ್ರೂ ಬ್ರಶ್ ಆಡಿಸ್ತಾರಾ?" ಎಂದೆ. ಚಹಾ ಕಾಯಿಸುವ ಸಮೋವಾರ್‌ನಿಂದ ಬಿಸಿ ಚಹಾ ಬಗ್ಗಿಸಿ, ಸಕ್ಕರೆ ತುಂಡು ಕೊಟ್ಟೆ.

"ಕಚ್ಚೋಕಾಗಲ್ಲಮ್ಮ."

"ಕಚ್ಚಬೇಡ. ಕೆನ್ನೆಯೊಳಗೆ ನೋಯೋ ಕಡೆ ಇಟ್ಕೊಂಡು ಚಹಾ ಕುಡಿ. ನಮ್ಮಮ್ಮ ನಂಗೂ ಹಿಂಗೇ ಮಾಡ್ತಿದ್ಲು."

ಬಾಯಿ ಬೆಚ್ಚಗಾಯಿತು, ಹುಡುಗಿ ಸುಮ್ಮನಾದಳು. ಡಾಕ್ಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು ಬೀಗಿದೆ.

ನಮ್ಮೂರಿನ ಆರೋಗ್ಯ ಕಾರ್ಯಕರ್ತೆ ಫರ್ಖೊಂದೆ ನನ್ನ ಬಾಲ್ಯದ ಗೆಳತಿ. ಒಂದು ದಿನ ನಾವು ಅಕ್ಕಪಕ್ಕದ ಹೆಂಗಸರೆಲ್ಲ ತಂದೂರಿ ಒಲೆ ಸುತ್ತ ಕೂತು ರೊಟ್ಟಿ ಸುಡುತ್ತಿದ್ದಾಗ ಬಂದಳು. ಆಯ್ಲಾರಳ ಉಬ್ಬಿದ ಕೆನ್ನೆ ಅವಳ ಕಣ್ಣಿಗೆ ಬಿತ್ತು.

"ಬಾಯಲ್ಲೇನೇ ಹುಡುಗಿ ಅದು?"

"ಔಷಧಿ," ಎಂದೆ ನಾನೇ.

"ಸಕ್ಕರೆನಾ? ಇಸ್ಮತ್, ತಲೆಗಿಲೆ ಕೆಟ್ಟಿದ್ಯಾ ನಿಂಗೆ? ತಂತಿ ಬಿಗಿ ಮಾಡಿದಾಗ ಹಲ್ಲು ಜರುಗುತ್ತೆ ಕಣೇ. ಮೂರ್ನಾಲ್ಕು ದಿನ ನೋಯುತ್ತೆ, ಜುಮ್ ಅನ್ನುತ್ತೆ, ಆಮೇಲೆ ತಾನೇ ಇಳಿಯುತ್ತೆ. ಅಲ್ಲೀವರೆಗೂ ಉಗುರುಬೆಚ್ಚಗಿನ ನೀರು ಕೊಡು. ಮೆತ್ತನೆ ಬ್ರಶ್ ಕೊಡ್ಸು. ಗಂಜಿ, ಸೂಪು, ಏನಾದ್ರೂ ಮೆತ್ತಗಿರೋದು ತಿನ್ಲಿ. ಜುಮ್ ಅನ್ನೋ ಹಲ್ಲಿಗೇ ಅಂತ ಬೇರೆ ಪೇಸ್ಟ್ ಬರುತ್ತೆ, ಯಾವುದು ಅಂತ ಡಾಕ್ಟರನ್ನ ಕೇಳು. ಉಜ್ಜೋದು ಮಾತ್ರ ನಿಲ್ಲಿಸ್ಬೇಡ. ಕ್ಲಿಪ್ಪಿನ ಸಂದೀಲಿ ಸಕ್ಕರೆ ಕೂತ್ರೆ ಹಲ್ಲು ಹುಳುಕಾಗುತ್ತೆ."

"ಅಯ್ಯೋ, ಇನ್ನು ಚಹಾ ಕುಡಿಯೋದನ್ನೂ ನಿಮ್ಮ ಆರೋಗ್ಯ ಕೇಂದ್ರದವರೇ ಕಲಿಸ್ತಾರೆ ಅನ್ನು! ನಮ್ಮತ್ತೆ ಎಂಬತ್ತು ವರ್ಷ ಹಿಂಗೇ ಕುಡಿದ್ರು."

"ನಿಮ್ಮತ್ತೆ ಬಾಯಲ್ಲಿ ಹಲ್ಲು ಎಷ್ಟಿತ್ತು, ಹೇಳು ನೋಡೋಣ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ನಾಲ್ಕು ಜನರ ಮುಂದೆ ನನ್ನನ್ನು ಆಡಿಕೊಂಡಳಲ್ಲ ಎಂಬ ಹಟಕ್ಕೆ ಬಿದ್ದೆ. ಅವತ್ತು ಸಂಜೆಯೂ ಮಗಳ ಕೈಗೆ ಸಕ್ಕರೆ ತುಂಡನ್ನೇ ಇಟ್ಟೆ.

ಪ್ರತಿ ಸಲ ತಂತಿ ಬಿಗಿ ಮಾಡಿಸಿದಾಗಲೂ ಅವಳು ವಾರಗಟ್ಟಲೆ ಉಜ್ಜುತ್ತಿರಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಹೊಸ ವರ್ಷದ ನೌರೂಜ್ ಹಬ್ಬಕ್ಕೆ ನೆಂಟರು ಬಂದರು, ಮಿಠಾಯಿ ಬಂತು. "ನೋಯಿಸ್ಕೊಂಡು ಬರೋಕೆ ಅಷ್ಟು ದೂರ ಹೋಗ್ಬೇಕಾ?" ಎಂದು ಎರಡು ತಿಂಗಳು ಡಾಕ್ಟರ ಹತ್ತಿರ ಹೋಗುವುದನ್ನೇ ತಪ್ಪಿಸಿದೆ.

ಅಷ್ಟರಲ್ಲಿ ನೋವಿನ ರೀತಿ ಬದಲಾಗಿತ್ತು. ಮೊದಲು ತಣ್ಣೀರಿಗೆ ಮಾತ್ರ ಜುಮ್ಮೆನ್ನುತ್ತಿತ್ತು, ಈಗ ಬಿಸಿ ತಾಗಿದರೂ ನೋವು. ಶುರುವಾದರೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ವಸಡು ಊದಿತ್ತು. ಅವಳು ಹೇಳಿದಾಗಲೆಲ್ಲ "ತಂತಿ ನೋವು ಇದ್ದದ್ದೇ" ಎನ್ನುತ್ತಿದ್ದೆ. ಒಂದು ದಿನ ಮುಖ ಬಾತು ಒಂದು ಕಣ್ಣು ಅರ್ಧ ಮುಚ್ಚಿತು. ಆಗ ಎದ್ದು ತಬ್ರೀಜ್‌ಗೆ ಓಡಿದೆವು.

ಡಾಕ್ಟರಮ್ಮ ತಂತಿ ಬಿಚ್ಚಿ ನೋಡಿದರು. ಕ್ಲಿಪ್ಪಿನ ಸುತ್ತ ಹಲ್ಲಿನ ಮೇಲೆಲ್ಲ ಸುಣ್ಣದಂತೆ ಬಿಳಿ ಕಲೆ. ಎರಡು ಹಲ್ಲು ಹುಳುಕಾಗಿತ್ತು. ಮೂರನೆಯದು, ಮುಂದಿನ ಹಲ್ಲಿನ ಪಕ್ಕದ್ದು, ಒಳಗೆಲ್ಲ ಕೊಳೆತು ಕೀವಾಗಿತ್ತು.

"ಇದನ್ನ ಉಳಿಸೋಕಾಗಲ್ಲ," ಎಂದರು. ಆಮೇಲೆ ಆಯ್ಲಾರಳ ಕಡೆ ತಿರುಗಿ, "ಅಷ್ಟು ಸಲ ಹೇಳಿದ್ದೆನಲ್ಲ, ಯಾಕಮ್ಮ ಉಜ್ಜಲಿಲ್ಲ?"

ಮಗಳು ಒಂದು ಕ್ಷಣ ನನ್ನ ಮುಖ ನೋಡಿದಳು. "ಸೋಮಾರಿತನ ಡಾಕ್ಟ್ರೇ. ನಂದೇ ತಪ್ಪು."

ನಾನು ಪಕ್ಕದಲ್ಲೇ ನಿಂತಿದ್ದೆ, ಅಲ್ಲ ಎನ್ನಲಿಲ್ಲ. ಹಲ್ಲು ಕೀಳಿಸಿಕೊಂಡು ಬಾಯಿಗೆ ಹತ್ತಿ ಒತ್ತಿಕೊಂಡು ಕೂತ ಹುಡುಗಿಯನ್ನು ಎಯ್ವಜ್ ದಾರಿಯುದ್ದಕ್ಕೂ ಬೈದರು. ಆಗಲೂ ನಾನು ತುಟಿ ಬಿಚ್ಚಲಿಲ್ಲ. ಹಲ್ಲು ಹೋದದ್ದಕ್ಕಿಂತ ಆ ಮೌನ ನೆನೆದರೆ ನನಗೆ ಇವತ್ತಿಗೂ ಹೆಚ್ಚು ಸಂಕಟವಾಗುತ್ತದೆ.

ಒಂಬತ್ತು ದಿನ ತಡೆದೆ. ಹತ್ತನೇ ದಿನ ಊಟದ ಹೊತ್ತಿಗೆ ಎಯ್ವಜ್ ಮತ್ತೆ "ಸೋಮಾರಿ" ಎಂದಾಗ ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ.

"ಅವಳನ್ನ ಬೈಬೇಡಿ. ಉಜ್ಜಬೇಡ ಅಂದಿದ್ದು ನಾನು. ಸಕ್ಕರೆ ಇಟ್ಟಿದ್ದೂ ನಾನೇ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಮಗಳಿಗೆ, "ನಂಗ್ಯಾಕೆ ಹೇಳಲಿಲ್ಲ ಮಗಳೇ?" ಎಂದರು.

"ನೀವು ಅಮ್ಮನ್ನ ಬೈತಿದ್ರಿ ಅಪ್ಪಾ."

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮದು. ಮರುದಿನ ನಾನೇ ಫರ್ಖೊಂದೆಯ ಬಾಗಿಲಿಗೆ ಹೋದೆ. ಅವಳು ಒಂದು ಮಾತೂ ಆಡಿಕೊಳ್ಳದೆ, ಬ್ರಶ್ಶನ್ನು ಕ್ಲಿಪ್ಪಿನ ಮೇಲೆ ಹೇಗೆ, ಕೆಳಗೆ ಹೇಗೆ ಆಡಿಸಬೇಕೆಂದು ತೋರಿಸಿಕೊಟ್ಟಳು. ಈಗ ಬೆಳಗ್ಗೆ ಚಹಾಕ್ಕಿಂತ ಮೊದಲು ಆಯ್ಲಾರಳಿಗೆ ಮುಕ್ಕಳಿಸಲು ನೀರು ಬೆಚ್ಚಗಾಗುತ್ತದೆ. ಎಯ್ವಜ್ ಕೂಡ ರಾತ್ರಿ ಉಜ್ಜದೆ ಮಲಗುವುದಿಲ್ಲ. ಹುಳುಕು ತುಂಬಿಸಿದ್ದಾಯಿತು, ಬಾಯಿ ಹೀಗೇ ಶುಚಿಯಾಗಿದ್ದರೆ ಶರತ್ಕಾಲಕ್ಕೆ ಮತ್ತೆ ತಂತಿ ಹಾಕುತ್ತಾರಂತೆ. ಹೋದ ಹಲ್ಲಿನ ಜಾಗಕ್ಕೆ ಶಾಶ್ವತವಾಗಿ ಹಲ್ಲು ಕೂರಿಸಲು ಅವಳ ಬೆಳವಣಿಗೆ ಮುಗಿಯುವವರೆಗೂ ಕಾಯಬೇಕು. ಅವಳು ಈಗಲೂ ತರಗತಿಯಲ್ಲಿ ಎದ್ದು ಓದುವುದಿಲ್ಲ.

ತಾಯಂದಿರೇ, ತಂತಿ ಬಿಗಿ ಮಾಡಿಸಿದ ಮೇಲೆ ನಾಲ್ಕು ದಿನ ಹಲ್ಲು ಜುಮ್ಮೆಂದರೆ ಹೆದರಬೇಡಿ. ಬೆಚ್ಚಗಿನ ನೀರು ಕೊಡಿ, ಉಜ್ಜಿಸಿ, ಸಕ್ಕರೆ ದೂರವಿಡಿ. ನೋವು ವಾರ ದಾಟಿದರೆ, ಬಿಸಿಗೂ ನೋಯತೊಡಗಿದರೆ, ವಸಡು ಊದಿದರೆ ಕಾಯದೆ ಡಾಕ್ಟರಿಗೆ ತೋರಿಸಿ. ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಂಡೇ ಮಗಳಿಗೆ ಹೇಳಿ. ಮಕ್ಕಳು ತಾಯಿಯ ಮಾತು ನಂಬುತ್ತಾರೆ. ನನ್ನ ಆಯ್ಲಾರ್ ನಂಬಿದ್ದಳು.