ತುಟಿಗೆ ಕೂತ ಮಾತು

"ಪಂಬುಳ ಆಯ್ತು, ಎಲ್ಲಾ ಇಳೀರಿ" ಎಂದ ಬಸ್ಸಿನ ಡ್ರೈವರ್, ಎಂಜಿನ್ನಿನತ್ತ ಕೈ ಆಡಿಸುತ್ತ.

ಏನಾಯ್ತೆಂದು ಯಾರೂ ಕೇಳಲಿಲ್ಲ. ಗೊಣಗುತ್ತ ಇಳಿದರು. ಕೊನೆಗೆ ಇಳಿದ ಅವನು ಮಾತ್ರ ಬಾಗಿಲ ಬಳಿಯೇ ನಿಂತ. ಪಂಬುಳ ಎಂಬ ಆ ಮಾತು ಅವನದು. ಕೆಲವು ತಿಂಗಳ ಹಿಂದೆ ಅದು ಲೋಕದಲ್ಲೇ ಇರಲಿಲ್ಲ.

ಪರಭಾಷೆಯ ಟೀವಿ ಧಾರಾವಾಹಿಗಳಿಗೆ ಕನ್ನಡದ ಮಾತು ಬರೆಯುವುದು ಅವನ ಕೆಲಸ. ತೆರೆಯ ಮೇಲಿನ ತುಟಿ ಮುಚ್ಚಿದಾಗ ಇಲ್ಲಿಯ ಮಾತಿನಲ್ಲೂ ತುಟಿ ಮುಚ್ಚಬೇಕು, ಅರ್ಥ ಆಮೇಲಿನದು. ಅಂಥದೊಂದು ಧಾರಾವಾಹಿಯಲ್ಲಿ ಬೇರೆ ಗ್ರಹದ ಮುದುಕನೊಬ್ಬ ಸಿಟ್ಟಿನಲ್ಲಿ ಏನೋ ಅನ್ನುತ್ತಿದ್ದ. ತುಟಿ ಎರಡು ಸಲ ಮುಚ್ಚಿ, ಬಾಯಿ ಅಗಲವಾಗಿ ತೆರೆಯುತ್ತಿತ್ತು. ಸಂಜೆ ಕಾಲೇಜಿನಲ್ಲಿ ಓದಿ ಗಳಿಸಿದ ಅಷ್ಟೂ ಪದಗಳನ್ನು ಅವನು ಆ ಬಾಯಿಗೆ ತುರುಕಿ ನೋಡಿದ. ಯಾವುದೂ ಕೂರಲಿಲ್ಲ. ಸದ್ಯಕ್ಕಿರಲಿ, ಆಮೇಲೆ ಬದಲಾಯಿಸಿದರಾಯಿತು ಎಂದು 'ಪಂಬುಳ' ಎಂದು ಗೀಚಿದ. ಹಾಕಿದ ಬೀಗವನ್ನು ತಿರುಗಿ ಬಂದು ಎಳೆದು ನೋಡುವ ಆಸಾಮಿ ಅದೊಂದನ್ನು ಮರೆತ.

ಪ್ರಸಾರವಾದ ಮೇಲೆ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ, ಪದ ಬಂತು. ಮೊದಲು ಮಕ್ಕಳ ಬಾಯಲ್ಲಿ, ಆಮೇಲೆ ಅಂಗಡಿಯ ಬೋರ್ಡಿನಲ್ಲಿ. ಕೆಟ್ಟ ಫ್ಯಾನು ಪಂಬುಳ. ಮುರಿದ ಮದುವೆ ಪಂಬುಳ. ಪ್ರೀತಿ ಉಕ್ಕಿದರೆ "ನನ್ನ ಪಂಬುಳಾ". ಅವನು ಅದಕ್ಕೊಂದು ಅರ್ಥ ಕೊಟ್ಟಿರಲೇ ಇಲ್ಲ. ಜನ ಕೊಟ್ಟರು, ಯಾರನ್ನೂ ಕೇಳದೆ. ನಿನ್ನೆ ಯಾರೋ ಹೆಂಗಸು "ಪಂಬುಳಿಸ್ಬೇಡಿ, ಸುಮ್ನೆ ನಡೀರಿ" ಎಂದು ಗಂಡನನ್ನು ಗದರಿದಾಗ ಅವನ ಮೈ ಜುಮ್ಮೆಂದಿತ್ತು. ದೇವರಿಗೂ ಹೀಗೇ ಆಗಿರಬಹುದೆ ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿದ್ದ.

ಇವತ್ತು ಮಗಳಿಗೆ ಹೇಳಬೇಕು. "ನಮ್ಮಪ್ಪಾನಾ? ಏನೋ ಬರೀತಾರೆ" ಎಂದು ಅವಳು ಗೆಳತಿಗೆ ಫೋನಿನಲ್ಲಿ ಹೇಳಿದ್ದು ಒಳಗೆಲ್ಲೋ ಮುರಿದ ಮುಳ್ಳಿನಂತೆ ಕೂತಿತ್ತು. ಅವಳು ಒಮ್ಮೆ, ಒಂದೇ ಒಂದು ಸಲ, ತನ್ನತ್ತ ನೆಟ್ಟಗೆ ನೋಡಿದರೆ ಸಾಕಿತ್ತು.

ಬರಿಗೈಯಲ್ಲಿ ಹೇಳಿದರೆ ನಂಬುತ್ತಾಳೆಯೆ? ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್ ಹತ್ತಿರ ಮಾತು ತೆಗೆದ. ಎಂದೂ ಪಾಠ ಹೇಳದ ಇವನನ್ನು ಅಲ್ಲಿ ಎಲ್ಲರೂ ಕರೆಯುವುದು ಮೇಷ್ಟ್ರೇ ಎಂದು.

"ಆ ಪಂಬುಳ... ಅವತ್ತು ನೀನೂ ಇಲ್ಲೇ ಇದ್ದೆ ಅಲ್ವಾ, ನಾನು ಬರೆದಾಗ?"

"ಬರೆಯೋದೇನು ಬಂತು ಮೇಷ್ಟ್ರೇ! ಹಳೇ ಮಾತು ಅದು. ನಮ್ಮಜ್ಜಿ ಯಾವಾಗ್ಲೂ ಅನ್ನೋರು."

"ನಿಮ್ಮಜ್ಜಿ?"

"ನನ್ನನ್ನೇ ಅನ್ನೋರು. ಊಟ ಬಿಟ್ಟು ಓಡಿದ್ರೆ, 'ಬಾರೋ ಪಂಬುಳಾ' ಅಂತ."

ಸುಳ್ಳು ಹೇಳುವವನ ಮುಖವಾಗಿರಲಿಲ್ಲ. ಕಣ್ಣು ತುಸು ಒದ್ದೆಯಾಗಿತ್ತು. ಮೊನ್ನೆ ಮೊನ್ನೆ ಹುಟ್ಟಿದ ಪದ, ಎಂದೋ ಸತ್ತ ಮುದುಕಿಯ ಬಾಯಿಗೂ ಹೋಗಿ ಸೇರಿತ್ತು. ಅವನು ಬೆರಗಾದ. ಸಾಕ್ಷಿಯ ಮಾತು ಬಿಟ್ಟು ಮನೆಗೆ ಹೊರಟ.

ಮಗಳು ಸೋಫಾದ ಮೇಲೆ ಕಾಲು ಚಾಚಿ ಫೋನು ಒತ್ತುತ್ತಿದ್ದಳು.

"ಪುಟ್ಟೀ, ಒಂದು ವಿಷಯ."

"ಹ್ಞೂಂ."

"ಪಂಬುಳ ಅಂತೀರಲ್ಲ, ಅದನ್ನ ಮಾಡಿದ್ದು ನಾನು."

"ಏನು ಮಾಡಿದ್ರಿ?"

"ಪದ. ಆ ಪದಾನ."

ಅವಳು ತಲೆ ಎತ್ತಿದಳು. ನೆಟ್ಟಗೆ ನೋಡಿದಳು. ಆಮೇಲೆ ನಕ್ಕಳು, ಕುಹಕವಿಲ್ಲದೆ, ಸಣ್ಣ ಮಕ್ಕಳನ್ನು ನೋಡಿ ನಗುವ ಹಾಗೆ.

"ಪದಾನ ಯಾರಾದ್ರೂ ಮಾಡ್ತಾರಾ ಅಪ್ಪಾ? ಅದು ಇರುತ್ತೆ." ಒಳಗೆ ಕೇಳುವಂತೆ ಕೂಗಿದಳು: "ಅಮ್ಮಾ, ಅಪ್ಪ ಇವತ್ತು ಫುಲ್ ಪಂಬುಳ!"

ಅಡುಗೆಮನೆಯಿಂದ ನಗು ಬಂತು. ಅವನೂ ನಕ್ಕ. ಅವಳು ಹೇಳಿದ್ದು ನಿಜವೇನೋ.

ದೀಪ ಹಾಕದೆ ಬಾಲ್ಕನಿಗೆ ಹೋದ. ಮಬ್ಬುಗತ್ತಲು. ಎದುರು ಮನೆಯ ಬಾಲ್ಕನಿ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲಿಯ ಹೆಂಗಸು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಒಣಗಿದ ಬಟ್ಟೆ ಎಳೆಯುತ್ತಿದ್ದಳು. ಇನ್ನೂ ಮಾತು ಬಾರದ ಕೂಸು ಅವನನ್ನೇ ದಿಟ್ಟಿಸಿತು. ಬೆರಳು ಚಾಚಿತು.

"ಪಂಬುಳ."

"ಅಯ್ಯೋ, ಮಾತಾಡ್ತು!" ಬಟ್ಟೆ ಕೈಜಾರಿತು. "ಎಲ್ಲಿ ಕಂದಾ? ಏನದು?"

ಬೆರಳಿನ ದಿಕ್ಕಿಗೆ ಅವಳ ಕಣ್ಣು ಬಂತು. ಅವನ ಮೇಲೆ ಹಾದು, ಹಿಂದಿನ ಗೋಡೆಯನ್ನು ತಡವಿ, ವಾಪಸು ಹೋಯಿತು.

"ಏನೂ ಇಲ್ಲ ಕಣೋ ಅಲ್ಲಿ" ಎಂದು ಕೂಸಿನ ಕೆನ್ನೆಗೆ ಮುತ್ತಿಟ್ಟಳು.

ಕೂಸು ಬೆರಳು ಇಳಿಸಲಿಲ್ಲ.