ಬಾಣಂತಿ ಕೋಣೆಯ ಗಾಳಿ

ಬಾಣಂತನ ಮಾಡಿದರೆ ಅಮೃತವ್ವನೇ ಮಾಡಬೇಕು ಎಂದು ಬೆಳ್ಳಟ್ಟಿಯ ಜನ ಹೇಳುತ್ತಿದ್ದರು. ಸುಳ್ಳೇಕೆ, ಆ ಮಾತು ಅವಳ ತಲೆಗೂ ಸ್ವಲ್ಪ ಏರಿತ್ತು. ಊರವರ ಹೆಣ್ಣುಮಕ್ಕಳನ್ನೆಲ್ಲ ಎರೆದು, ಕಾಸಿ, ಗುಂಡುಕಲ್ಲಿನಂತೆ ಮಾಡಿ ಗಂಡನ ಮನೆಗೆ ಕಳಿಸಿದವಳು ಅವಳು. ಇನ್ನು ಒಬ್ಬಳೇ ಮಗಳು ಕಾವೇರಿ ಚೊಚ್ಚಲ ಹೆರಿಗೆಗೆ ಡಂಬಳದಿಂದ ತವರಿಗೆ ಬಂದರೆ ಬಿಡುತ್ತಾಳೆಯೇ? ಹೆಣ್ಣುಕೂಸು ದವಾಖಾನೆಯಿಂದ ಮನೆಗೆ ಬಂದ ದಿನವೇ ಒಳಕೋಣೆಯ ಕಿಟಕಿಗೆ ಕೌದಿ ಕಟ್ಟಿದಳು. ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದಳು. ಬೆಳಕಿಂಡಿಯನ್ನೂ ಬಿಡಲಿಲ್ಲ. ಬಾಣಂತಿಗೆ ಗಾಳಿ ಹೊಕ್ಕರೆ ಮುಪ್ಪಿನ ತನಕ ಬಿಡುವುದಿಲ್ಲ ಎಂದು ಅವಳ ಅವ್ವ ಕಲಿಸಿದ್ದಳು.

ಬಾಣಂತಿ ಮಲಗುವ ಹೊರಸಿನ ಕೆಳಗೆ ಶೇಗಡಿ, ಅದರ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಹೊಗೆ ತುಂಬಿದ ಆ ಕೋಣೆಯಲ್ಲಿ ತಾಯಿ, ಮಗಳು, ಮೊಮ್ಮಗಳು ಮೂವರೂ ಮಲಗುತ್ತಿದ್ದರು. ಅಮೃತವ್ವ ಕೆಮ್ಮುತ್ತಿದ್ದಳು. ಹೊಗೆಯಲ್ಲಿ ಯಾರು ಕೆಮ್ಮುವುದಿಲ್ಲ? ಆದರೆ ಅವಳ ಕೆಮ್ಮು ಶೇಗಡಿಗಿಂತ ಹಳೆಯದು. ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋದಾಗ ಹತ್ತಿದ್ದು, ಸುಗ್ಗಿ ಮುಗಿದರೂ ಬಿಟ್ಟಿರಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸ ಸಡಿಲಾಗಿತ್ತು.

ಕೂಸಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ ಗದಿಗೆವ್ವ ಆ ಕೆಮ್ಮನ್ನು ಕೇಳಿ ಚೀಲದಿಂದ ಪುಟ್ಟ ಡಬ್ಬಿ ತೆಗೆದಳು.

"ಅತ್ತೀ, ಭಾಳ ದಿನದ ಕೆಮ್ಮಾತು. ಇದರಾಗ ಕಫ ಕೊಡ್ರಿ, ತಪಾಸ್ ಮಾಡಸ್ತೀನಿ. ಏನರ ಇದ್ರ ಗುಳಿಗಿ ಪುಕ್ಕಟ ಕೊಡ್ತಾರ."

"ಹೊಗಿ ಕೆಮ್ಮಿಗೆ ಎಂಥಾ ತಪಾಸ? ಸುಮ್ನ ಹೋಗ."

"ಹೊಗಿದಾದ್ರ ಚಲೋನ ಆತಲ್ರಿ. ಮನ್ಯಾಗ ಹಸಗೂಸು ಐತಿ, ಅದಕ್ಕ ಅಂದೆ."

ಅಮೃತವ್ವ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಗದಿಗೆವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಬೀಗರ ಕಿವಿಗೆ ಬಿದ್ರ ನಾಳಿಗೇ ಬಂದು ಮಗಳನ್ನ ಕರಕೊಂಡು ಹೊಕ್ಕಾರ. ಇದೊಂದು ಬಾಣಂತನ ಮುಗೀಲಿ. ಐದನೇ ತಿಂಗಳಿಗೆ ಕಳಸಿಕೊಟ್ಟು, ಆಮ್ಯಾಲೆ ನೀ ಹೇಳಿದಂಗ ಕೇಳ್ತೀನಿ."

ಗದಿಗೆವ್ವ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದಳು. ಅಮೃತವ್ವ ಅದನ್ನು ಹಿತ್ತಲಿಗೆ ಎಸೆದು, ಅಂಗಡಿಯಿಂದ ಕೆಮ್ಮಿನ ಔಷಧಿ ತರಿಸಿಕೊಂಡಳು.

ಕ್ಷಯದ ಕ್ರಿಮಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅದಕ್ಕೆ ಬೇಕಾದದ್ದು ಒಂದು ಕೆಮ್ಮು, ಹೊರಹೋಗಲು ದಾರಿಯಿಲ್ಲದ ಒಂದಿಷ್ಟು ಗಾಳಿ. ಕಣ್ಣಿಗೆ ಕಾಣದ ಹನಿಯಾಗಿ ಬಾಯಿಂದ ಹೊರಬಿದ್ದು, ತೇಲುತ್ತ, ಮತ್ತೊಬ್ಬರ ಉಸಿರಿಗಾಗಿ ಕಾಯುತ್ತದೆ. ಕಿಟಕಿ ತೆರೆದಿದ್ದರೆ ಚೆದುರಿ ಹೋಗುತ್ತಿತ್ತು, ಬಿಸಿಲು ಬಿದ್ದಿದ್ದರೆ ಸಾಯುತ್ತಿತ್ತು. ಅಮೃತವ್ವ ಎರಡರ ದಾರಿಯನ್ನೂ ಮುಚ್ಚಿದ್ದಳು. ಅಕ್ಕರೆಯಿಂದಲೇ ಮುಚ್ಚಿದ್ದಳು. ಹೊಟ್ಟೆ ಉರಿಯುವುದು ಅದಕ್ಕೇ.

ಕೂಸು ನಗಲು ಕಲಿಯಿತು. ಅಜ್ಜಿಯ ದನಿ ಕೇಳಿದರೆ ಸಾಕು, ಕೈಕಾಲು ಬಡಿಯುತ್ತಿತ್ತು. ಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಅಮೃತವ್ವ ಅದರ ಮುಖಕ್ಕೆ ಮುಖವಿಟ್ಟು ಮಾತಾಡುತ್ತಿದ್ದಳು. ನಾಲ್ಕನೇ ತಿಂಗಳಲ್ಲಿ ಜ್ವರ ಬಂತು. ಮೊದಲು ಹಲ್ಲಿನ ಜ್ವರ ಎಂದಳು, ಆಮೇಲೆ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು. ಕೂಸು ಮೊಲೆ ಬಿಟ್ಟಿತು. ನೆತ್ತಿ ಉಬ್ಬಿತು. ಕಣ್ಣು ಒಂದೇ ಕಡೆ ನಿಂತಾಗ ಬೀಗರ ಮನೆಗೆ ಫೋನು ಮಾಡಿಸಿದಳು. ಅಳಿಯ ಬೀರಲಿಂಗ ಡಂಬಳದಿಂದ ಓಡಿ ಬಂದು ಎಲ್ಲರನ್ನೂ ಗದಗಿನ ದವಾಖಾನೆಗೆ ಕರೆದೊಯ್ದ.

ತಪಾಸಣೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಕೇಳಿದರು: "ಮನ್ಯಾಗ ಯಾರಿಗೆ ಕೆಮ್ಮೈತಿ?"

ಅಮೃತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಉಸಿರು ಹಿಡಿದಳು. ಕೆಮ್ಮು ಕೇಳಬೇಕಲ್ಲ! ಎದೆಯೊಳಗಿಂದ ಒದ್ದುಕೊಂಡು ಬಂತು. ಎಲ್ಲರೂ ಅವಳ ಕಡೆ ತಿರುಗಿದರು.

ಕೂಸಿನ ಮಿದುಳಿಗೆ ಟಿ.ಬಿ. ಹತ್ತಿದೆ ಎಂದು ಡಾಕ್ಟರ್ ಹೇಳಿದರು. ಹುಟ್ಟಿದಾಗ ಲಸಿಕೆ ಹಾಕಿಸಿದ್ದು ಹೌದು. ಆದರೆ ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಅದೇ ಉಸಿರಾಡಿದರೆ ಲಸಿಕೆ ತಾನೇ ಎಷ್ಟು ತಡೆದೀತು?

"ನನ್ನ ಎಂಜಲಾ ಸೈತ ಮುಟ್ಟಿಸಿಲ್ರಿ ಸಾಹೇಬ್ರ," ಎಂದಳು ಅಮೃತವ್ವ.

"ಎಂಜಲಾ ಬೇಕಾಗಿಲ್ಲವ್ವಾ. ಕೆಮ್ಮಿದ್ರ ಸಾಕು."

ಅವಳ ಕಫದಲ್ಲಿ ಕ್ರಿಮಿ ಸಿಕ್ಕಿತು. ಗುಳಿಗೆ ಶುರುವಾಯಿತು. ಕಾವೇರಿಗೆ ರೋಗ ಹತ್ತಿರಲಿಲ್ಲ. ಕೂಸಿನ ಹತ್ತಿರ ಹೋಗಬೇಡ ಎಂದು ಅಮೃತವ್ವನಿಗೆ ಯಾರೂ ಹೇಳಬೇಕಾಗಲಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ದವಾಖಾನೆಯ ಅಂಗಳದ ಬೇವಿನ ಮರದ ಬುಡದಲ್ಲಿ ಕುಳಿತುಬಿಟ್ಟಳು. ಬೀರಲಿಂಗ ಅವಳ ಮುಂದೆಯೇ ಹಾದುಹೋಗುತ್ತಿದ್ದ, ಮಾತಾಡುತ್ತಿರಲಿಲ್ಲ. ಕೂಸಿನ ಜೊತೆ ಮೇಲಿನ ವಾರ್ಡಿನಲ್ಲಿದ್ದ ಕಾವೇರಿ ಕೆಳಗೆ ಇಳಿದು ಬರಲೇ ಇಲ್ಲ. ಬೈದಿದ್ದರೂ ಎಷ್ಟೋ ಹಗುರಾಗುತ್ತಿತ್ತು. ನನ್ನ ಆಯುಷ್ಯವನ್ನಾದರೂ ಅದಕ್ಕೆ ಕೊಡಪ್ಪಾ ಎಂದು ಅಮೃತವ್ವ ಮೈಲಾರಲಿಂಗನಿಗೆ ಬೇಡಿಕೊಂಡಳು. ಒಂದೇ ಒಂದು ಸಲ ಕೂಸನ್ನು ಎತ್ತಿಕೊಳ್ಳಬೇಕೆಂದು ಕೈ ತುಡಿಯುತ್ತಿತ್ತು. ಆ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂಡುತ್ತಿದ್ದಳು.

ಒಂದು ಮಧ್ಯಾಹ್ನ ಬೀರಲಿಂಗ ಗಾಡಿ ಗೊತ್ತು ಮಾಡಲು ಹೊರಗೆ ಹೋದ. ಅವನ ಹಿಂದೆಯೇ ಕಾವೇರಿ ಮೆಟ್ಟಿಲಿಳಿದು ಬಂದಳು. ಎದೆಗೆ ಅವುಚಿದ ಬಟ್ಟೆಯಲ್ಲಿ ಕೂಸು ಅಲುಗಾಡುತ್ತಿರಲಿಲ್ಲ. ಅಮೃತವ್ವನಿಗೆ ತಿಳಿಯಿತು. ಕಾವೇರಿ ನೇರ ಬೇವಿನ ಮರದ ಕಡೆ ಬಂದಳು.

"ತೊಗೊ ಬೇ."

ಅಮೃತವ್ವ ಹಿಂದೆ ಸರಿದಳು. "ಬ್ಯಾಡ ಯವ್ವಾ... ನನ್ನ ಕೆಮ್ಮು..."

"ಈಗ ತೊಗೊ," ಎಂದಳು ಕಾವೇರಿ. "ಇನ್ನ ನಿನ್ನ ಕೆಮ್ಮಿನಿಂದ ಅದಕ್ಕ ಏನೂ ಆಗೂದಿಲ್ಲ."

ಆ ಮಾತಿನಲ್ಲಿ ಸಿಟ್ಟಿತ್ತೋ ಕರುಣೆಯಿತ್ತೋ ಅಮೃತವ್ವನಿಗೆ ತಿಳಿಯಲಿಲ್ಲ. ಕಾವೇರಿಗಾದರೂ ತಿಳಿದಿತ್ತೋ ಇಲ್ಲವೋ. ಮಡಿಲಿಗೆ ಬಂದ ಕೂಸು ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಅದರ ಮುಖ ನೋಡಲು ಬಗ್ಗಿದಳು. ಅಷ್ಟರಲ್ಲಿ ಕೆಮ್ಮು ಬಂತು. ಅಮೃತವ್ವ ಕೂಸನ್ನು ಎರಡೂ ಕೈಯಲ್ಲಿ ದೂರ ಹಿಡಿದು, ಮುಖವನ್ನು ಆಚೆ ಹೊರಳಿಸಿ, ತನ್ನ ಹೆಗಲೊಳಗೆ ಕೆಮ್ಮಿದಳು.