ಎಣ್ಣೆ ಬಿಡಿ

ದೋಣಿ ದಂಡೆಗೆ ಬಿದ್ದು ಮೂರು ದಿನವಾಗಿತ್ತು. ಮೂರೂ ದಿನ ಇಸ್ಮಾಯಿಲ ಮಿಸ್ತ್ರಿ ಅದರ ಹಿಂದೆ ಕುಕ್ಕುರುಗಾಲಲ್ಲಿ ಕೂತಿದ್ದ, ನಾನು ಅವನ ಪಕ್ಕದಲ್ಲಿ. ನನಗೆ ಕೂರುವುದಕ್ಕೂ ಬೇಸರ, ಏಳುವುದಕ್ಕೂ ಬೇಸರ.

ಭಾಲ್ಕಿ ಕಡೆಯವರನ್ನು ಮಾಂಜ್ರಾ ಹೊಳೆ ದಾಟಿಸಿ ಔರಾದ ಕಡೆಗೆ ಬಿಡುವ ಸರ್ಕಾರಿ ಮೋಟಾರು ದೋಣಿ ಇದು. ಯಂತ್ರ ಮಿಸ್ತ್ರಿಯದು, ಟಿಕೀಟು ನನ್ನದು. ಹೋದ ವರ್ಷದವರೆಗೆ ನಾವು ಹೈದರಾಬಾದಿನವರು, ಈಗ ಮೈಸೂರಿನವರು. ಇದ್ದಲ್ಲೇ ಇದ್ದೆವು, ರಾಜ್ಯ ಬದಲಾಯಿತು. ಉರ್ದುವಿನಲ್ಲಿ ಬರುತ್ತಿದ್ದ ಹುಕುಂ ಕನ್ನಡದಲ್ಲಿ ಬರತೊಡಗಿತು. ಕನ್ನಡ ಓದಲು ಬಾರದವರನ್ನು ಮನೆಗೆ ಕಳಿಸುತ್ತಾರಂತೆ ಎಂಬ ಸುದ್ದಿ ಬೀದರದಿಂದ ಬಂದ ಮೇಲೆ ಮಿಸ್ತ್ರಿ ಸರಿಯಾಗಿ ಉಂಡಿಲ್ಲ. ಅವನಿಗೆ ಓದಲು ಬರುವುದು ಉರ್ದು ಒಂದೇ. ಪಿಂಚಣಿಗೆ ಇನ್ನೆರಡು ವರ್ಷ.

ಕಾಗದ ಬಂದರೆ ನಾನು ಓದಿ ಹೇಳುತ್ತಿದ್ದೆ. ಮಠದ ಅಯ್ಯನವರ ಹತ್ತಿರ ಕನ್ನಡ ಕಲಿತವನೆಂಬ ಗರ್ವ ಬೇರೆ. ಮಳೆಗಾಲಕ್ಕೆ ಮೊದಲು ಹೊಸ ಇಂಜಿನಿಯರರ ಕಾಗದ ಬಂತು: 'ಗೇರಿನ ಸ್ಕ್ರೂ ತೆಗೆದು ಎಣ್ಣೆ ಬಿಡಿ. ಹೊಸ ಎಣ್ಣೆಯ ಡಬ್ಬಿ ಇದರೊಂದಿಗಿದೆ.'

"ಹಳೀದು ಹೊರಗ ತೆಗೀದನ ಹೊಸಾದು ಬಿಡೂದಾ?" ಎಂದು ಮಿಸ್ತ್ರಿ ಕೇಳಿದ್ದ. "ಪ್ರತಿ ವರ್ಷ ನಾ ಮೊದಲು ಖಾಲಿ ಮಾಡ್ತೇನಿ."

"ಬಿಡಿ ಅಂತ ಬರದಾರ, ಬಿಡು ಚಾಚಾ. ಇದು ಮೈಸೂರ ಸರ್ಕಾರ, ನನಗ ಗೊತ್ತದ."

ಅವನು ಬಿಟ್ಟ. ದೋಣಿ ನಡೆವಾಗ ನೀರಿನೊಳಗೆ ಮುಳುಗಿರುವ ಆ ಗೇರಿನ ಡಬ್ಬಿಗೆ, ಹಳೆಯದರ ಮೇಲೆಯೇ, ಹಿಡಿದಷ್ಟು ಹೊಸ ಎಣ್ಣೆ ಹೊಯ್ದೆವು. ಹದಿನೈದನೇ ದಿನ ನಡುಹೊಳೆಯಲ್ಲಿ ಗೇರು ಕರಕರ ಎಂದು ನಿಂತಿತು. ಹನ್ನೊಂದು ಜನರಿದ್ದ ದೋಣಿಯನ್ನು ಹಗ್ಗ ಹಾಕಿ ದಂಡೆಗೆ ಎಳೆದು ತಂದೆವು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ಮೂರನೆಯ ದಿನ ಇಂಜಿನಿಯರರು ಬಂದರು. ಕೆಳಗಿನ ಸ್ಕ್ರೂ ಬಿಚ್ಚಿಸಿದರು. ಮಜ್ಜಿಗೆಯಂಥ ಬಿಳಿ ಎಣ್ಣೆ ಇಳಿಯಿತು, ಜೊತೆಗೆ ಗೇರಿನ ಮುರಿದ ಹಲ್ಲಿನ ಚೂರುಗಳು.

"ನೀರು ಸೇರಿದೆ. ಹಳೆಯದನ್ನು ತೆಗೆದೇ ಇಲ್ಲ. ನನ್ನ ಕಾಗದ ಓದಿದ್ದು ಯಾರು?"

'ನಾನು' ಅಂದರೆ ತಪ್ಪು ನನ್ನದು. ಆದರೆ 'ನಾನು' ಅಂದರೆ ಮಿಸ್ತ್ರಿಗೆ ಓದಲು ಬಾರದು ಎಂದೂ ಆಯಿತು. ಹೆದರಿಕೆ ಯಾವುದರದು, ಕಾಳಜಿ ಯಾವುದರದು, ನನಗೇ ತಿಳಿಯಲಿಲ್ಲ.

"ನಾನ ಓದೀನ್ರಿ, ಸಾಹೇಬ," ಎಂದ ಮಿಸ್ತ್ರಿ.

ಅವರು ಕಾಗದ ಅವನ ಕೈಗಿಟ್ಟರು. ಎಣ್ಣೆಗೈ ಒರೆಸಿಕೊಂಡು, ಅಕ್ಷರಗಳ ಮೇಲೆ ಬೆರಳಿಟ್ಟು ಅವನು ಒಪ್ಪಿಸಿದ. ನಾನು ಅವನಿಗೆ ಹತ್ತು ಸಲ ಓದಿ ಹೇಳಿದ್ದನ್ನು ಒಂದೂ ತಪ್ಪಿಲ್ಲದೆ.

"ಬಿಡಿ ಅಂದರೆ ಏನು ತಿಳಿದಿರಿ?"

"ಹಾಕೂದು ರೀ. ಕಿವ್ಯಾಗ ಎಣ್ಣಿ ಬಿಡ್ತೇವಲ್ರಿ, ಹಂಗ."

"ನಾನು ಬರೆದದ್ದು ಹೊರಗೆ ಬಿಡಿ ಅಂತ," ಎಂದರು ಇಂಜಿನಿಯರರು. ತಾವೇ ಕಾಗದವನ್ನು ಇನ್ನೊಮ್ಮೆ ಓದಿದರು. "ಹೋಗಲಿ ಬಿಡಿ," ಎಂದು ಜೀಪು ಹತ್ತಿ ಹೋದರು.

ಧೂಳು ಇಳಿಯುವ ತನಕ ಮಿಸ್ತ್ರಿ ಅಲ್ಲೇ ನಿಂತಿದ್ದ.

"ಬಸವಣ್ಣೆಪ್ಪ, ಈ ಬಿಡಿ ಯಾವ ಬಿಡಿ? ನನಗ ನೌಕರ್ಯಾಗ ಇಟ್ಕೊಂಡ್ರೋ, ಬಿಟ್ರೋ?"

"ಇದು ಮಾಫಿ ಮಾಡೂ ಬಿಡಿ, ಚಾಚಾ. ನನಗ ಗೊತ್ತದ."

ಅವನಿಗೆ ಸಿಟ್ಟೂ ಬರಲಿಲ್ಲ. ನನ್ನ ಮುಖವನ್ನೇ ನೋಡಿದ, ಬಹಳ ದಣಿದಿದ್ದ.

"ಅವತ್ತೂ ಗೊತ್ತದ ಅಂದಿದ್ದಿ," ಎಂದ.